ಬಲಗಡೆ ಸೀಟಿನ ಡೋಲ್ಫಿ

ಕುವೈತಿಗೆ ಬರುವ ಮೊದಲು ಡೋಲ್ಫಿ ಕ್ರಾಸ್ತಾ ಹನ್ನೊಂದು ವರ್ಷ ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸು ಓಡಿಸಿದ್ದ. ಆ ಕಾಲದಲ್ಲಿ ಆ ರಸ್ತೆಯಲ್ಲಿ ಎಕ್ಸ್‌ಪ್ರೆಸ್ ಓಡಿಸುವುದೆಂದರೆ ಸಾಮಾನ್ಯ ಕೆಲಸವಲ್ಲ. ಮುಂದಿನ ಬಸ್ಸನ್ನು ಹಿಂದಿಕ್ಕಬೇಕು, ಹಿಂದಿನ ಬಸ್ಸಿಗೆ ದಾರಿ ಕೊಡಬಾರದು, ಕಟಪಾಡಿಯಲ್ಲಿ ಕಳೆದುಕೊಂಡ ಎರಡು ನಿಮಿಷವನ್ನು ಪಡುಬಿದ್ರಿಯೊಳಗೆ ವಸೂಲು ಮಾಡಬೇಕು. ಡೋಲ್ಫಿಯ ಬಸ್ಸು ಹತ್ತಿದವರು ಯಾವ ಧರ್ಮದವರಾದರೂ ಮೂಲ್ಕಿ ಸೇತುವೆ ದಾಟುವ ತನಕ ತಮ್ಮ ತಮ್ಮ ದೇವರನ್ನು ನೆನೆಯುತ್ತಿದ್ದರು. ಆದರೆ ಹನ್ನೊಂದು ವರ್ಷದಲ್ಲಿ ಅವನ ಬಸ್ಸಿಗೆ ಸಿಕ್ಕಿ ಸತ್ತದ್ದು ಒಂದು ಹುಂಜ ಮಾತ್ರ. ಅದರಲ್ಲೂ ತಪ್ಪು ಹುಂಜದ್ದೇ ಎಂದು ಅವನು ಇವತ್ತಿಗೂ ವಾದಿಸುತ್ತಾನೆ.

ಅಂಥ ಡೋಲ್ಫಿಗೆ ಕುವೈತಿನಲ್ಲಿ ಲೈಸೆನ್ಸ್ ಸಿಗಲಿಲ್ಲ.

ಅವನು ಬಂದದ್ದು ೨೦೦೩ರಲ್ಲಿ, ಏಸಿ ರಿಪೇರಿಯ ಒಂದು ಕಂಪೆನಿಗೆ ಸ್ಟೋರ್ ಕೀಪರ್ ಆಗಿ. ಹೆಂಡತಿ ವೈಲೆಟ್ ಅವನಿಗಿಂತ ಆರು ವರ್ಷ ಮೊದಲೇ ಬಂದು ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ಮದುವೆಯಾದ ಮೇಲೂ ಅವಳು ಇಲ್ಲಿ, ಅವನು ಅಲ್ಲಿ ಎಂದು ಐದು ವರ್ಷ ಕಳೆದು, ಕೊನೆಗೆ ಗಂಡನೂ ಮಗಳು ಡೆಲ್ಮಾಳೂ ಬಂದು ಅಬು ಹಲೀಫಾದ ಒಂದು ಕಟ್ಟಡದ ನಾಲ್ಕನೇ ಮಾಳಿಗೆಯಲ್ಲಿ ಸಂಸಾರ ಶುರುವಾಗಿತ್ತು. ಬಂದ ಮೂರನೇ ವಾರದಲ್ಲೇ ಡೋಲ್ಫಿ ತನ್ನ ಹೆವಿ ವೆಹಿಕಲ್ ಲೈಸೆನ್ಸನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಟ್ರಾಫಿಕ್ ಆಫೀಸಿಗೆ ಹೋದ. ಕೌಂಟರಿನಲ್ಲಿದ್ದವನು ಅದನ್ನು ತಲೆಕೆಳಗಾಗಿ ಹಿಡಿದು ನೋಡಿ, ಇವನ ಇಕಾಮಾದ, ಅಂದರೆ ವಾಸದ ಪರವಾನಗಿಯ, ಮೇಲೆ ಬರೆದಿದ್ದ ಹುದ್ದೆಯನ್ನು ಬೆರಳಿನಿಂದ ತೋರಿಸಿದ. ಸ್ಟೋರ್ ಕೀಪರ್‌ಗೆ ಲೈಸೆನ್ಸ್ ಇಲ್ಲ. ಡಿಗ್ರಿ ಇದೆಯಾ? ಇಲ್ಲ. ಹಾಗಾದರೆ ಖಲಾಸ್.

"ನೀನು ಬಸ್ಸು ಬಿಟ್ಟದ್ದನ್ನು ಹೇಳಲಿಲ್ವಾ?" ಎಂದು ವೈಲೆಟ್ ಕೇಳಿದಳು.

"ಹೇಳಿದೆ. ಎಷ್ಟನೇ ನಂಬರಿನ ಬಸ್ಸಿಗೆ ಹತ್ತಬೇಕು ಅಂತ ದಾರಿ ತೋರಿಸಿದ."

ಮೂರು ವರ್ಷ ಹಾಗೆಯೇ ಹೋಯಿತು. ೨೦೦೬ರ ಹೊತ್ತಿಗೆ ವೈಲೆಟ್‌ಳ ಡ್ಯೂಟಿ ಬದಲಾಯಿತು. ಆಸ್ಪತ್ರೆಯ ಬಸ್ಸು ಹಾಸ್ಟೆಲಿನ ನರ್ಸ್‌ಗಳನ್ನು ಮಾತ್ರ ಹತ್ತಿಸಿಕೊಳ್ಳತೊಡಗಿತು. ಅವಳ ಹುದ್ದೆಗೆ ಲೈಸೆನ್ಸ್ ಸಿಗುತ್ತಿತ್ತು. ಒಂದು ದಿನ ಊಟದ ಮೇಜಿನಲ್ಲಿ ಮೀನಿನ ಮುಳ್ಳು ಬಿಡಿಸುತ್ತಾ ಅವಳು ಹೇಳಿದಳು: "ನಾನು ಡ್ರೈವಿಂಗ್ ಕಲಿಯುತ್ತೇನೆ."

ಡೋಲ್ಫಿಯ ತುತ್ತು ಅರ್ಧದಲ್ಲಿ ನಿಂತಿತು. ಊರಿನಲ್ಲಿ ಸೈಕಲ್ಲನ್ನೂ ತಳ್ಳಿಕೊಂಡೇ ಹೋದವಳು ಇವಳು. ಆದರೆ ಸ್ವಲ್ಪ ಹೊತ್ತಿನಲ್ಲಿ ಅವನ ಮುಖ ಅರಳಿತು. "ಆಗಲಿ. ಆದರೆ ಮೇಷ್ಟ್ರಿಗೆ ದಂಡ ಯಾಕೆ? ನಾನಿಲ್ವಾ?"

ಕಾರು ಇರಲಿಲ್ಲ. ಆದ್ದರಿಂದ ಪಾಠ ಹಾಲ್‌ನಲ್ಲೇ ಶುರುವಾಯಿತು. ಎರಡು ಊಟದ ಕುರ್ಚಿಗಳನ್ನು ಅಕ್ಕಪಕ್ಕ ಇಟ್ಟ. ಸ್ಟೀಲಿನ ಬಟ್ಟಲು ಸ್ಟಿಯರಿಂಗ್ ಆಯಿತು. ಅನ್ನದ ಸೌಟನ್ನು ಸ್ಟೂಲಿಗೆ ಕಟ್ಟಿದ್ದೇ ಗೇರ್. ವೈಲೆಟ್‌ಳನ್ನು ಬಲಗಡೆ ಕುರ್ಚಿಯಲ್ಲಿ ಕೂರಿಸಿ, ಎಡಗೈಯಲ್ಲಿ ಸೌಟು ಹಿಡಿಸಿ, ಹದಿನೈದು ದಿನ ಅವಳಿಂದ ಉಡುಪಿಯಿಂದ ಮಂಗಳೂರಿಗೆ ಬಸ್ಸು ಓಡಿಸಿದ. "ಕ್ಲಚ್ ಒತ್ತು. ಸೆಕೆಂಡ್. ಈಗ ಉದ್ಯಾವರ ಸೇತುವೆ ಬಂತು, ಹಾರ್ನ್ ಹೊಡಿ. ಹೊಡಿ ಮಾರಾಯ್ತಿ, ಎದುರಿನಿಂದ ಲಾರಿ ಬರ್ತಾ ಉಂಟು!" ವೈಲೆಟ್ ಬಾಯಿಯಿಂದಲೇ ಹಾರ್ನ್ ಹೊಡೆಯುತ್ತಿದ್ದಳು. ಏಳು ವರ್ಷದ ಡೆಲ್ಮಾ ಸೋಫಾದಲ್ಲಿ ಕುಳಿತು ಟಿಕೆಟ್ ಹರಿಯುತ್ತಿದ್ದಳು. ಕೆಳಗಿನ ಮನೆಯವರು ಎರಡು ಸಲ ಬಂದು ಮನೆಯಲ್ಲಿ ಎಲ್ಲರೂ ಆರೋಗ್ಯವೇ ಎಂದು ವಿಚಾರಿಸಿ ಹೋದರು.

ಕುವೈತಿನ ಕಾರುಗಳಲ್ಲಿ ಸ್ಟಿಯರಿಂಗ್ ಎಡಗಡೆ ಇರುತ್ತದೆ ಎಂಬುದು ಡೋಲ್ಫಿಗೆ ಗೊತ್ತಿರಲಿಲ್ಲವೆಂದಲ್ಲ. ದಿನಾ ನೋಡುತ್ತಿದ್ದ. ಆದರೆ ಅದು ಈ ದೇಶದವರ ತಪ್ಪು, ಪಾಠ ಕಲಿಯುವಾಗ ಸರಿಯಾದದ್ದನ್ನೇ ಕಲಿಯಬೇಕು ಎಂಬುದು ಅವನ ನಂಬಿಕೆ.

ಪರೀಕ್ಷೆಯ ದಿನ ಪೊಲೀಸ್ ಅಧಿಕಾರಿ ವೈಲೆಟ್‌ಳ ಹೆಸರು ಕರೆದ. ಅವಳು ಶಿಲುಬೆಯ ಗುರುತು ಮಾಡಿಕೊಂಡು, ಸರಸರನೆ ಹೋಗಿ, ಕಾರಿನ ಬಲಗಡೆ ಬಾಗಿಲು ತೆರೆದು ಕುಳಿತು, ಬೆಲ್ಟ್ ಹಾಕಿಕೊಂಡು, ಎಡಗೈಯಲ್ಲಿ ಗೇರ್ ಹಿಡಿದಳು. ಮುಂದೆ ಸ್ಟಿಯರಿಂಗ್ ಇಲ್ಲದ್ದು ಆಮೇಲೆ ಗಮನಕ್ಕೆ ಬಂತು. ಅಧಿಕಾರಿ ಫೈಲು ಕಂಕುಳಲ್ಲಿಟ್ಟುಕೊಂಡು ಕಿಟಕಿಯ ಹತ್ತಿರ ಬಗ್ಗಿದ.

"ಸಿಸ್ಟರ್, ಪರೀಕ್ಷೆ ನಿಮಗಾ, ನನಗಾ?"

ಅವತ್ತು ಸಂಜೆ ಆ ಸೌಟು ಅಡುಗೆಮನೆಗೆ ವಾಪಸ್ಸಾಯಿತು. ವೈಲೆಟ್ ಪೇಶಾವರದ ರಶೀದ್ ಭಾಯಿ ಎಂಬ ಹಳೆಯ ಮೇಷ್ಟ್ರ ಬಳಿ ಸೇರಿದಳು. ಎರಡು ತಿಂಗಳಲ್ಲಿ ಪಾಸಾಗಿ, ಸಹೋದ್ಯೋಗಿಯೊಬ್ಬಳು ದೇಶ ಬಿಡುವಾಗ ಮಾರಿದ ಬೂದು ಬಣ್ಣದ ಹಳೆಯ ಕಾರನ್ನು ಮನೆಗೆ ತಂದಳು. ಗೇರೇ ಇಲ್ಲದ ಆಟೋಮ್ಯಾಟಿಕ್ ಕಾರು. ಡೋಲ್ಫಿ ಅದಕ್ಕೆ ಒಂದು ಸುತ್ತು ಬಂದು ಹೇಳಿದ: "ಇದು ಕಾರಲ್ಲ, ಮಿಕ್ಸಿ."

ನಿಜವಾದ ಕಷ್ಟ ಆಮೇಲೆ ಶುರುವಾಯಿತು. ಇಲ್ಲಿ ಪಕ್ಕದಲ್ಲಿ ಕೂರುವವನ ಸೀಟು ಬಲಗಡೆ. ಹನ್ನೊಂದು ವರ್ಷ ಡೋಲ್ಫಿ ಕುಳಿತದ್ದೂ ಬಲಗಡೆಯೇ. ಹಾಗಾಗಿ ಕಾರು ಹೊರಟ ಕೂಡಲೇ ಅವನ ಮೈ ತಾನೇ ಡ್ರೈವರ್ ಎಂದು ತಿಳಿದುಬಿಡುತ್ತಿತ್ತು. ಎದುರಿನ ಕಾರು ನಿಧಾನವಾದರೆ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. ತಿರುವಿನಲ್ಲಿ ಎರಡೂ ಕೈ ಗಾಳಿಯನ್ನು ಹಿಡಿದು ತಿರುಗಿಸುತ್ತಿದ್ದವು. ಮೂರು ತಿಂಗಳಲ್ಲಿ ಅವನ ಕಾಲಡಿಯ ಮ್ಯಾಟು ತೂತಾಯಿತು. ಕಾಲಿನದ್ದು ಹೇಗೋ ಸಹಿಸಬಹುದಿತ್ತು, ಬಾಯಿಯದ್ದು ಕಷ್ಟ.

"ಇಂಡಿಕೇಟರ್! ಅವನಿಗೆ ಜಾಗ ಕೊಡಬೇಡ! ಈಗ ಹೊಡಿ, ಈಗ ಹೊಡಿ, ಅಯ್ಯೋ ಹೋಯ್ತು! ನನ್ನ ಬಸ್ಸಾಗಿದ್ರೆ ಇಷ್ಟೊತ್ತಿಗೆ ಸುರತ್ಕಲ್ ದಾಟ್ತಿದ್ದೆ."

ಹಿಂದಿನ ಸೀಟಿನಿಂದ ಡೆಲ್ಮಾ ತಣ್ಣಗೆ ಹೇಳುತ್ತಿದ್ದಳು: "ಡ್ಯಾಡಾ, ಯು ಡೋಂಟ್ ಈವನ್ ಹ್ಯಾವ್ ಎ ಲೈಸೆನ್ಸ್."

ವೈಲೆಟ್ ಸಿಟ್ಟು ಮಾಡುವವಳಲ್ಲ. ಎಮರ್ಜೆನ್ಸಿ ವಾರ್ಡಿನಲ್ಲಿ ಎಂಟೆಂಟು ಗಂಟೆ ನಿಂತು ಬೊಬ್ಬೆ ಕೇಳಿದವಳು. ಆದರೆ ಮಾರ್ಚ್ ತಿಂಗಳ ಒಂದು ಗುರುವಾರ ಮಹಬೂಲಾದ ಹತ್ತಿರ, ಒಂದೇ ಸಿಗ್ನಲಿನಲ್ಲಿ ಅವನು ಹದಿನಾಲ್ಕನೇ ಸಲ ಬಾಯಿ ಹಾಕಿದಾಗ, ಅವಳು ಕಾರನ್ನು ಬದಿಗೆ ತಂದು ನಿಲ್ಲಿಸಿದಳು. ಇಂಡಿಕೇಟರ್ ಹಾಕಿಯೇ ನಿಲ್ಲಿಸಿದಳು.

"ಇಳಿ."

"ಎಂತ?"

"ಸ್ಟಾಪ್ ಬಂತು. ಇಳಿ."

ಅವನು ತಮಾಷೆಯೆಂದುಕೊಂಡು ಇಳಿದ. ಕಾರು ಹೊರಟೇ ಹೋಯಿತು. ಹಿಂದಿನ ಗಾಜಿನಲ್ಲಿ ಡೆಲ್ಮಾ ಕೈಬೀಸುವುದು ಕಾಣಿಸಿತು.

ಎತ್ತರದ ಕಟ್ಟಡಗಳ ನಡುವೆ, ಬಾಲ್ಕನಿಗಳಲ್ಲಿ ಒಣಗುತ್ತಿದ್ದ ನೂರಾರು ಕೆಲಸದ ಅಂಗಿಗಳ ಕೆಳಗೆ, ಡೋಲ್ಫಿ ಜೇಬಿನಲ್ಲಿ ಕೈ ಹಾಕಿಕೊಂಡು ನಿಂತ. ನೋವಿಗಿಂತ ಹೆಚ್ಚಾಗಿ ಅವನಿಗೆ ಆಶ್ಚರ್ಯವಾಗಿತ್ತು. ಅವನು ಎಷ್ಟೋ ಜನರನ್ನು ದಾರಿಮಧ್ಯೆ ಇಳಿಸಿದ್ದುಂಟು. ಇಳಿದವರಿಗೆ ಹೇಗಾಗುತ್ತದೆಂದು ಯೋಚಿಸಿದ್ದೇ ಇಲ್ಲ.

ಆಗ ತರಕಾರಿ ಅಂಗಡಿಯ ಮುಂದೆ ಪಿಕಪ್ಪಿನಿಂದ ಸೌತೆಕಾಯಿಯ ಪೆಟ್ಟಿಗೆ ಇಳಿಸುತ್ತಿದ್ದ ಒಬ್ಬ ನೆಟ್ಟಗಾಗಿ ಇವನನ್ನೇ ದಿಟ್ಟಿಸಿದ. ಪೆಟ್ಟಿಗೆಯನ್ನು ಕೆಳಗಿಟ್ಟು ಹತ್ತಿರ ಬಂದ.

"ಎಕ್ಸ್‌ಪ್ರೆಸ್ಸಿನ ಡೋಲ್ಫಿ ಡ್ರೈವರ್ ಅಲ್ವಾ ನೀವು?"

ಅವನ ಹೆಸರು ಭೋಜ. ಎರ್ಮಾಳಿನವನು. ಊರಿನಲ್ಲಿದ್ದಾಗ ಆರು ವರ್ಷ ದಿನಾ ಬೆಳಿಗ್ಗೆ ಡೋಲ್ಫಿಯ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು ಮಂಗಳೂರಿಗೆ ಕೆಲಸಕ್ಕೆ ಹೋಗುತ್ತಿದ್ದ. ಈಗ ವಫ್ರಾದ ಒಂದು ತೋಟದಲ್ಲಿ ಸೂಪರ್‌ವೈಸರ್.

"ಡ್ರೈವರೇ, ಮೂಲ್ಕಿಯಲ್ಲಿ ನೀವು ಮೂರು ಬಸ್ಸನ್ನು ಒಟ್ಟಿಗೆ ಓವರ್‌ಟೇಕ್ ಮಾಡಿದ್ರಲ್ಲ, ಆವತ್ತು ನಾನಿದ್ದೆ! ಇಲ್ಲಿನ ಬಂಗಾಳಿಗಳಿಗೆ ಈಗಲೂ ಹೇಳ್ತೇನೆ. ನಂಬುವುದಿಲ್ಲ."

ಕುವೈತಿಗೆ ಬಂದ ಮೇಲೆ ಮೊದಲ ಸಲ ಯಾರೋ ಅವನನ್ನು ಡ್ರೈವರ್ ಎಂದು ಕರೆದಿದ್ದರು. ಡೋಲ್ಫಿ ಅಂಗಿಯ ಕಾಲರು ಸರಿಮಾಡಿಕೊಂಡ. ಲೈಸೆನ್ಸಿನ ಕಥೆ ಕೇಳಿ ಭೋಜ ತಲೆ ಚಚ್ಚಿಕೊಂಡ. "ನಾಳೆ ಶುಕ್ರವಾರ ಫ್ಯಾಮಿಲಿ ಕರ್ಕೊಂಡು ತೋಟಕ್ಕೆ ಬನ್ನಿ. ಗೇಟಿನ ಒಳಗೆ ಯಾರ ಲೈಸೆನ್ಸೂ ಬೇಡ. ಹಳೇ ಪಿಕಪ್ ಉಂಟು, ಗೇರ್ ಇರುವಂಥದ್ದು. ನಿಮ್ಮ ಕೈಯಲ್ಲಿ ಅದು ಒಮ್ಮೆ ಓಡುವುದನ್ನು ನೋಡಬೇಕು."

ಮನೆಗೆ ಬಂದ ಡೋಲ್ಫಿ ಹೆಂಡತಿಯ ಮುಂದೆ ಅವಮಾನದ ಮಾತೇ ಎತ್ತಲಿಲ್ಲ. ಬದಲಿಗೆ ಇಸ್ತ್ರಿಪೆಟ್ಟಿಗೆ ಹುಡುಕಿ ತನ್ನ ಖಾಕಿ ಬಣ್ಣದ ಅಂಗಿಗೆ ಇಸ್ತ್ರಿ ಹಾಕಿದ.

ಶುಕ್ರವಾರ ಇಗರ್ಜಿಯಲ್ಲಿ ಬೆಳಗ್ಗಿನ ಪೂಜೆ ಮುಗಿಸಿ ಮೂವರೂ ವಫ್ರಾಕ್ಕೆ ಹೋದರು. ಭೋಜ ತೋಟದ ಹತ್ತು ಮಂದಿ ಕೆಲಸಗಾರರನ್ನು ಸಾಲಾಗಿ ನಿಲ್ಲಿಸಿದ್ದ. ತುಕ್ಕು ಹಿಡಿದ ಪಿಕಪ್ಪನ್ನು ತೊಳೆದು ಇಡಲಾಗಿತ್ತು. ಡೋಲ್ಫಿ ಸ್ಟಿಯರಿಂಗಿಗೆ ಕೈಮುಗಿದು ಹತ್ತಿದ. ವೈಲೆಟ್ ಮತ್ತು ಡೆಲ್ಮಾ ಖರ್ಜೂರದ ಮರದ ನೆರಳಿನಲ್ಲಿ ನಿಂತರು.

ಪಿಕಪ್ ಚೆನ್ನಾಗಿಯೇ ಹೊರಟಿತು. ಎರಡನೇ ಗೇರ್ ಹಾಕಲು ಡೋಲ್ಫಿಯ ಎಡಗೈ ಅಭ್ಯಾಸಬಲದಿಂದ ಪಕ್ಕಕ್ಕೆ ಹೋಯಿತು. ಅಲ್ಲಿ ಸಿಕ್ಕಿದ್ದು ಕಿಟಕಿಯ ಹಿಡಿ. ಎರಡನೇ ಗೇರಿಗೆ ಕಿಟಕಿ ಇಳಿಯಿತು. ಮೂರನೇ ಗೇರಿಗೆ ಬಾಗಿಲೇ ತೆರೆದುಕೊಂಡಿತು. ಬಾಗಿಲನ್ನು ಹಿಡಿಯಲು ಅವನು ಎಡಕ್ಕೆ ಬಾಗಿದ. ಸ್ಟಿಯರಿಂಗೂ ಅವನೊಂದಿಗೆ ಬಾಗಿತು. ಎದುರಿಗೆ ಸೌತೆಕಾಯಿಯ ಗ್ರೀನ್‌ಹೌಸ್ ಇತ್ತು.

"ಬ್ರೇಕ್!" ಎಂದು ವೈಲೆಟ್ ಕಿರುಚಿದಳು.

ಪ್ಲಾಸ್ಟಿಕ್ ಹರಿಯುವ ಶಬ್ದ ಬಹಳ ಹೊತ್ತು ಕೇಳಿಸಿತು. ಒಂದು ಬಾಗಿಲಿನಿಂದ ಒಳಹೊಕ್ಕ ಪಿಕಪ್, ಬಾಗಿಲೇ ಇಲ್ಲದ ಇನ್ನೊಂದು ಕಡೆಯಿಂದ ಹೊರಬಂದು ನಿಂತಿತು. ತಲೆಯಿಂದ ಬಾಲದವರೆಗೆ ಬಳ್ಳಿ, ಹೂವು, ಎಳೆಸೌತೆ. ಮದುವೆಯ ದಿಬ್ಬಣದ ವಾಹನಕ್ಕೂ ಅಷ್ಟು ಅಲಂಕಾರ ಇರುವುದಿಲ್ಲ. ಪ್ಲಾಸ್ಟಿಕ್ ಹಾಳೆಯೊಳಗಿನಿಂದ ಡೋಲ್ಫಿಯ ಸ್ವರ ಬಂತು: "ಸಾಯ್ಬಾ ಭೊಗೊಸ್!" ಆ ದೇವರೇ ಕ್ಷಮಿಸಬೇಕು, ಭೋಜನಂತೂ ಕಲ್ಲಾಗಿ ನಿಂತಿದ್ದ.

ದುರದೃಷ್ಟಕ್ಕೆ ತೋಟದ ಯಜಮಾನ ಅಬು ಫಹಾದ್ ಅದೇ ಹೊತ್ತಿಗೆ ಗೇಟಿನೊಳಗೆ ಬಂದ. ದಪ್ಪ ದೇಹದ, ಬಿಳಿಗಡ್ಡದ ಮುದುಕ. ಗ್ರೀನ್‌ಹೌಸನ್ನು ನೋಡಿದ, ಪಿಕಪ್ಪನ್ನು ನೋಡಿದ, ಕಿವಿಯ ಮೇಲೆ ಸೌತೆಯ ಹೂವಿಟ್ಟುಕೊಂಡು ಇಳಿದ ಡೋಲ್ಫಿಯನ್ನು ನೋಡಿದ. ಭೋಜ ಬಾಯಿ ತೆರೆಯುವ ಮೊದಲೇ ಡೋಲ್ಫಿ ಮುಂದೆ ಬಂದ.

"ಬಾಬಾ, ತಪ್ಪು ನನ್ನದು. ಭೋಜನದ್ದಲ್ಲ."

"ಇಂತಾ ಡ್ರೈವರ್?" ನೀನು ಡ್ರೈವರಾ ಎಂದು ಮುದುಕ ಅರಬಿಯಲ್ಲಿ ಕೇಳಿದ.

"ಹೌದು, ಬಾಬಾ. ಹಿಂದ್ ಮೇ ಬಸ್ ಡ್ರೈವರ್. ಗ್ಯಾರಾ ಸಾಲ್."

"ಬಸ್?" ಅಬು ಫಹಾದ್ ಮತ್ತೊಮ್ಮೆ ಗ್ರೀನ್‌ಹೌಸಿನ ತೂತನ್ನು ನೋಡಿದ. "ಆದ್ಮಿ ಲೋಗ್ ಅಂದರ್ ಬೈಠತಾ?"

"ಅರವತ್ತು ಜನ, ಬಾಬಾ," ಎಂದು ಭೋಜ ಅಭಿಮಾನ ತಡೆಯಲಾರದೆ ನಡುವೆ ಹೇಳಿದ. "ಫುಟ್‌ಬೋರ್ಡಿನವರು ಬೇರೆ."

ಮುದುಕ ನಗತೊಡಗಿದ. ನಗುತ್ತಾ ನಗುತ್ತಾ ತಲೆಯ ಮೇಲಿನ ಬಟ್ಟೆ ಜಾರಿತು, ಕೊನೆಗೆ ಟೊಮೆಟೊ ಪೆಟ್ಟಿಗೆಯ ಮೇಲೆ ಕುಳಿತುಕೊಂಡ. ಕಣ್ಣೊರೆಸಿಕೊಂಡು ತೀರ್ಪು ಕೊಟ್ಟ: ಪೊಲೀಸು ಬೇಡ, ಜಗಳ ಬೇಡ. ನಾಲ್ಕು ಶುಕ್ರವಾರ ಬಂದು, ಹರಿದದ್ದನ್ನು ತನ್ನ ಕೈಯಿಂದಲೇ ಕಟ್ಟಿಕೊಡಬೇಕು. ಖಲಾಸ್.

ಹೀಗೆ ಡೋಲ್ಫಿಯ ಶುಕ್ರವಾರಗಳು ಶುರುವಾದವು. ವೈಲೆಟ್ ಅವನನ್ನು ಕರೆತಂದು ಬಿಡುತ್ತಿದ್ದಳು. ಅವನು ಏಣಿಯ ಮೇಲೆ ನಿಂತು ಪ್ಲಾಸ್ಟಿಕ್ ಬಿಗಿಯುತ್ತಿದ್ದ, ಕಂಬಿ ನೇರ ಮಾಡುತ್ತಿದ್ದ. ಅವಳೂ ಡೆಲ್ಮಾಳೂ ನೆರಳಿನಲ್ಲಿ ಕುಳಿತು ಕೆಲಸಗಾರರೊಂದಿಗೆ ಚಹಾ ಕುಡಿಯುತ್ತಿದ್ದರು. ಯಾರದೋ ಗಾಯಕ್ಕೆ ವೈಲೆಟ್ ಬ್ಯಾಂಡೇಜು ಕಟ್ಟಿದ ಮೇಲೆ ಅವಳ ಮುಂದೆ ಪ್ರತಿ ವಾರವೂ ಒಂದು ಸಣ್ಣ ಕ್ಯೂ ನಿಲ್ಲತೊಡಗಿತು. ದಾರಿಯಲ್ಲಿ ಡೋಲ್ಫಿ ಬಾಯಿ ಬಿಚ್ಚುತ್ತಿರಲಿಲ್ಲ. ಮೊದಮೊದಲು ನಾಚಿಕೆಯಿಂದ. ಆಮೇಲೆ, ಸುಮ್ಮನೆ ಕುಳಿತು ನೋಡುವಾಗ, ಅವನಿಗೆ ಒಂದು ವಿಷಯ ಹೊಳೆಯಿತು: ವೈಲೆಟ್ ಕಾರನ್ನು ಚೆನ್ನಾಗಿ ಓಡಿಸುತ್ತಿದ್ದಳು. ಅವಳು ಯಾರನ್ನೂ ಹಿಂದಿಕ್ಕುತ್ತಿರಲಿಲ್ಲ, ಆದರೆ ಹೇಳಿದ ಹೊತ್ತಿಗೆ ಮುಟ್ಟುತ್ತಿದ್ದಳು. ಇದು ಹೇಗೆ ಸಾಧ್ಯವೆಂದು ಅವನಿಗೆ ಎಷ್ಟು ಲೆಕ್ಕ ಹಾಕಿದರೂ ತಿಳಿಯಲಿಲ್ಲ.

ಮೂರನೇ ಶುಕ್ರವಾರ ವಾಪಸ್ಸು ಬರುವಾಗ, ಮಧ್ಯಾಹ್ನ ಮೂರು ಗಂಟೆಯ ಹೊತ್ತು, ಎಡಗಡೆಯ ಮರುಭೂಮಿಯಿಂದ ಕಂದು ಬಣ್ಣದ ಗೋಡೆಯೊಂದು ಎದ್ದು ಬಂತು. "ಮಳೆ ಮೋಡವಾ?" ಎಂದು ಡೋಲ್ಫಿ ಕೇಳುವಷ್ಟರಲ್ಲಿ ಧೂಳು ಕಾರನ್ನು ನುಂಗಿತು. ವಿದ್ಯುತ್ ಕಂಬಗಳು ಹೋದವು, ರಸ್ತೆ ಹೋಯಿತು, ಕಾರಿನ ಮೂತಿಯೂ ಅರ್ಧ ಹೋಯಿತು. ಹೊರಗೆ ಹಂಚಿನ ಮೇಲೆ ಅಕ್ಕಿ ಸುರಿದಂಥ ಸದ್ದು. ಹಿಂದೆ ಎಲ್ಲೋ ಟ್ರಕ್ಕಿನ ಹಾರ್ನ್.

ಡೋಲ್ಫಿಗೆ ಮಳೆಗಾಲದ ಘಟ್ಟದ ರಸ್ತೆಯೂ ಗೊತ್ತಿತ್ತು, ಹೆದ್ದಾರಿಯ ಗುಂಡಿಗಳೂ ಗೊತ್ತಿದ್ದವು. ಇದು ಗೊತ್ತಿರಲಿಲ್ಲ. ಅವನ ಬಲಗಾಲು ತಣ್ಣಗಾಗಿ ಬಿದ್ದಿತ್ತು. "ನಿಲ್ಲಿಸು ವಾಯ್ಲೆಟ್, ನಿಲ್ಲಿಸು," ಎಂದ, ಹೆಸರೂ ಸರಿಯಾಗಿ ಬರದೆ.

"ನಡುರಸ್ತೆಯಲ್ಲಿ ನಿಂತರೆ ಹಿಂದಿನ ಟ್ರಕ್ ನಮ್ಮ ಮೇಲೆ ಬರ್ತದೆ. ಬದಿಗಿಳಿದರೆ ಹೊಯಿಗೆ, ಚಕ್ರ ಹೂತು ಹೋಗ್ತದೆ," ಎಂದಳು ವೈಲೆಟ್, ರೋಗಿಯ ಕಡೆಯವರಿಗೆ ವಿವರಿಸುವ ಸ್ವರದಲ್ಲಿ. ನಾಲ್ಕೂ ಇಂಡಿಕೇಟರ್ ಹಾಕಿದಳು. "ಮುಂದೆ ಪೆಟ್ರೋಲ್ ಪಂಪ್ ಉಂಟು, ಒಂದು ಕಿಲೋಮೀಟರ್ ಇರಬಹುದು. ನನಗೆ ನನ್ನ ಬದಿ ಏನೂ ಕಾಣುವುದಿಲ್ಲ. ರಸ್ತೆಯ ಅಂಚಿನ ಗೆರೆ ನಿನ್ನ ಬದಿಯಲ್ಲಿ ಉಂಟು. ಕಿಟಕಿ ಇಳಿಸು, ಅದನ್ನು ನೋಡಿ ಹೇಳು."

ಡೋಲ್ಫಿ ಟವೆಲನ್ನು ಮುಖಕ್ಕೆ ಸುತ್ತಿಕೊಂಡು, ಕಣ್ಣು ಮಾತ್ರ ಬಿಟ್ಟು, ಸೊಂಟದವರೆಗೆ ಹೊರಗೆ ಬಾಗಿದ. ಚಕ್ರದ ಪಕ್ಕದಲ್ಲೇ ಹಳದಿ ಗೆರೆಯ ಒಂದು ತುಂಡು ಕಾಣಿಸಿತು. ಆಗ ಅವನ ಬಾಯಿಯಿಂದ ಬಂದದ್ದು ಡ್ರೈವರಿನ ಮಾತಲ್ಲ. ಹನ್ನೊಂದು ವರ್ಷ ಬೆನ್ನ ಹಿಂದಿನಿಂದ ಕೇಳಿಸಿಕೊಂಡ, ಅವನು ಒಂದು ದಿನವೂ ಲೆಕ್ಕಕ್ಕಿಟ್ಟುಕೊಳ್ಳದ ಕಂಡಕ್ಟರನ ಮಾತು, ಬಸ್ಸು ಹೊರಡಲಿ ಎನ್ನುವ ತುಳು ಕೂಗು.

"ರೈಟ್ ಪೋಯಿ!"

ಕಾರು ಚಲಿಸಿತು. ಅಂಗೈಯಿಂದ ಬಾಗಿಲು ಬಡಿದ. "ಪೋಯಿ ಪೋಯಿ ಪೋಯಿ... ಅರ್ಧ ಅಡಿ ಎಡಕ್ಕೆ... ಸಾಕು! ರೈಟ್, ರೈಟ್... ಹೋಲ್ಡಾನ್! ಟೈರೊಂದು ಬಿದ್ದಿದೆ, ಎಡಕ್ಕೆ ತಗೋ... ಇನ್ನೂ... ರೈಟ್ ಪೋಯಿ!"

ಡೆಲ್ಮಾ ಹಿಂದಿನ ಸೀಟಿನಲ್ಲಿ ಮೊಣಕಾಲೂರಿ ಹಿಂದಕ್ಕೆ ನೋಡುತ್ತಿದ್ದಳು. "ಮಮ್ಮಿ, ದೇರ್ ಆರ್ ಕಾರ್ಸ್ ಬಿಹೈಂಡ್ ಅಸ್. ಲೈನಾಗಿ!" ಎಂದಳು, ಹೆದರಿಕೆಗೆ ಅರ್ಧ ಇಂಗ್ಲಿಷ್ ಮರೆತು.

ಒಂದು ಕಿಲೋಮೀಟರಿಗೆ ಅರ್ಧ ಗಂಟೆ ಹಿಡಿಯಿತು. ಪೆಟ್ರೋಲ್ ಪಂಪಿನ ಮಾಡಿನ ಕೆಳಗೆ ಬಂದು ನಿಂತಾಗ, ಅವರ ಮಿಣುಕು ದೀಪವನ್ನೇ ಹಿಡಿದುಕೊಂಡು ಬಂದ ಆರು ವಾಹನಗಳು ಒಂದರ ಹಿಂದೊಂದು ಸೇರಿದವು. ದೊಡ್ಡ ಜೀಪಿನಿಂದ ಇಳಿದ ಕುವೈತಿ ತರುಣನೊಬ್ಬ ಎಡಗಡೆ ಕಿಟಕಿಗೆ ಬಂದು ಎದೆಯ ಮೇಲೆ ಕೈಯಿಟ್ಟು "ಶುಕ್ರನ್, ಸಿಸ್ಟರ್" ಎಂದು ಹೇಳಿ, ನೀರಿನ ಬಾಟಲಿ ಕೊಟ್ಟ. ಆಮೇಲೆ ಬಲಗಡೆಗೆ ಇಣುಕಿದ. ತಲೆಯಿಂದ ಸೊಂಟದವರೆಗೆ ಕಂದು ಬಣ್ಣದ, ಸೊಂಟದಿಂದ ಕೆಳಗೆ ಮಾಮೂಲಿ ಬಣ್ಣದ ಮನುಷ್ಯನೊಬ್ಬ ಅಲ್ಲಿ ಕೆಮ್ಮುತ್ತಿದ್ದ.

"ಇವರು?"

ವೈಲೆಟ್ ನೀರನ್ನು ಗಂಡನಿಗೆ ಕೊಟ್ಟಳು. "ಇವರಿಲ್ಲದಿದ್ರೆ ನಾನು ಎಲ್ಲಿ ಬರ್ತಿದ್ದೆ," ಎಂದು ಕೊಂಕಣಿಯಲ್ಲಿ ಹೇಳಿದಳು. ತರುಣನಿಗೆ ಅರ್ಥವಾಗಲಿಲ್ಲ. ಅರ್ಥವಾಗಬೇಕಾದವನಿಗೆ ಆಗಿತ್ತು. ಅವನು ಬಾಟಲಿಯನ್ನು ಎತ್ತಿ ನೇರ ತಲೆಯ ಮೇಲೆ ಸುರಿದುಕೊಂಡ. ಧೂಳಿಗೋ ಬೇರೆಯದಕ್ಕೋ, ಕಣ್ಣು ತೊಳೆಯಬೇಕಿತ್ತು.

ನಾಲ್ಕನೇ ಶುಕ್ರವಾರ ಗ್ರೀನ್‌ಹೌಸು ಸಿದ್ಧವಾಯಿತು. ಅಬು ಫಹಾದ್ ಒಳಗೆ ಒಂದು ಸುತ್ತು ಬಂದು, ಪ್ಲಾಸ್ಟಿಕ್ಕನ್ನು ಬೆರಳಿನಿಂದ ತಟ್ಟಿ ನೋಡಿ, ಮೊದಲಿಗಿಂತ ಚೆನ್ನಾಗಿದೆ ಎಂದ. ಜೇಬಿನಿಂದ ಪಿಕಪ್ಪಿನ ಕೀಲಿ ತೆಗೆದು ಡೋಲ್ಫಿಯ ಮುಂದೆ ಹಿಡಿದ.

"ಏಕ್ ರೌಂಡ್. ಯಲ್ಲಾ."

ಮುಂದಿನ ಐದು ನಿಮಿಷ ತೋಟದಲ್ಲಿ ಯುದ್ಧದ ತಯಾರಿ. ಭೋಜ ಕೋಳಿಗಳನ್ನು ಗೂಡಿಗೆ ಅಟ್ಟಿಸಿದ. ಇಬ್ಬರು ನೀರಿನ ಪೈಪು ಸುತ್ತಿ ಎತ್ತಿಕೊಂಡರು. ಒಬ್ಬ ತನ್ನ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನೀರಿನ ಟ್ಯಾಂಕಿನ ಹಿಂದೆ ನಿಂತ. ಗ್ರೀನ್‌ಹೌಸಿನ ಮುಂದೆ ನಾಲ್ವರು ಕೈ ಕೈ ಹಿಡಿದು ಸಾಲುಗಟ್ಟಿದರು.

ಡೋಲ್ಫಿ ಎಡಗೈಯನ್ನು ಸ್ಟಿಯರಿಂಗಿನ ಮೇಲೆ ಭದ್ರವಾಗಿಟ್ಟು, ಬಲಗೈಯಿಂದ ಒಂದನೇ ಗೇರ್ ಹಾಕಿದ. ಎರಡನೆಯದರ ಯೋಚನೆಯನ್ನೇ ಮಾಡಲಿಲ್ಲ. ನಡೆಯುವವರೂ ಹಿಂದಿಕ್ಕಬಹುದಾದ ವೇಗದಲ್ಲಿ ಪಿಕಪ್ ಖರ್ಜೂರದ ಸಾಲು ದಾಟಿತು, ಬದನೆಯ ಪಾತಿ ದಾಟಿತು, ಪಂಪ್‌ಹೌಸು ಸುತ್ತಿ ವಾಪಸ್ಸು ಬಂತು. ಅವನ ಮುಖದ ಮೇಲೆ ಮೂಲ್ಕಿಯಲ್ಲಿ ಮೂರು ಬಸ್ಸು ಹಿಂದಿಕ್ಕಿದ ದಿನವೂ ಇಲ್ಲದಂಥ ಗಾಂಭೀರ್ಯವಿತ್ತು. ಕೆಲಸಗಾರರು ಚಪ್ಪಾಳೆ ತಟ್ಟಿದರು. ಡೆಲ್ಮಾ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದಳು. ಆ ವಿದ್ಯೆಯನ್ನು ಅವಳು ತೋಟದಲ್ಲೇ ಕಲಿತದ್ದು.

ಇಳಿದು ಬಂದ ಗಂಡನನ್ನು ವೈಲೆಟ್ ಕೇಳಿದಳು: "ಹೇಗಿತ್ತು?"

"ಬೆನ್ನು ನೋವು ಮಾರಾಯ್ತಿ," ಎಂದ ಡೋಲ್ಫಿ. "ಆ ಸೀಟು ಸರಿ ಇಲ್ಲ."

ಅಬು ಫಹಾದ್ ಕೊಟ್ಟ ಮೂರು ಪೆಟ್ಟಿಗೆ ಸೌತೆಕಾಯಿಯನ್ನು ಡಿಕ್ಕಿಯಲ್ಲಿ ತುಂಬಿಕೊಂಡು ಅವರು ಹೊರಟರು. ಆ ವಾರವಿಡೀ ಅಬು ಹಲೀಫಾದ ಆ ಕಟ್ಟಡದಲ್ಲಿ, ಮಲಯಾಳಿ ಮನೆಯಲ್ಲಿ ಪಚ್ಚಡಿಯಾಗಿ, ಈಜಿಪ್ಟಿನವರ ಮನೆಯಲ್ಲಿ ಉಪ್ಪಿನಕಾಯಿಯಾಗಿ, ಕ್ರಾಸ್ತಾರ ಮನೆಯಲ್ಲಿ ಸಿಗಡಿಯ ಜೊತೆ ಬೆಂದು, ವಫ್ರಾದ ಸೌತೆಕಾಯಿಯೇ ಎಲ್ಲರ ತಟ್ಟೆಗೂ ಬಂತು.